ಬೂದಿ ಬಣ್ಣದ ಮುಚ್ಚಳ

ಮಿಷ್ಕೋಲ್ಟ್ಸಿನ ಟ್ರ್ಯಾಮ್ ತಿರುವಿನ ಅಂಗಡಿಯಲ್ಲಿ
ಗೆರ್ಗೋ ಮೊದಲು ತೆಗೆದಿಟ್ಟದ್ದರ ಮುಚ್ಚಳದ ಮೇಲೆ
ಕೆಂಪು ಹಲ್ಲು ಕಿರಿವ ತೋಳ.
ಕೀಲಿಗಳ ಕೆಳಗೆ ಹಸಿರು, ನೇರಳೆ, ಮತ್ತೆ ಹಸಿರು,
ಮದುವೆಮನೆಯ ಸರದೀಪ.

ಬೇಡ ಅಂದೆ.
ಯಾಕೆ, ಎಲ್ಲ ಆಟವೂ ಓಡುತ್ತೆ ಅಂದ.
ನಾನು ಶವಪೆಟ್ಟಿಗೆ ಮಾರುವವನು ಕಣಯ್ಯಾ.
ಗಂಡ ಹೋಗಿ ನಾಲ್ಕು ತಾಸಾದವಳ ಅಡುಗೆಮನೆಯಲ್ಲಿ
ಓಕ್ ಮರದ್ದೋ ಪೈನ್ ಮರದ್ದೋ ಎಂದು ಚಿತ್ರ ತೋರಿಸುವಾಗ
ಈ ತೋಳವನ್ನು ಎಲ್ಲಿ ಬಚ್ಚಿಡಲಿ?

ಅವನು ನಗಲಿಲ್ಲ. ಅದಕ್ಕೇ ಅವನಲ್ಲಿಗೆ ಹೋಗುವುದು.
ಇನ್ನೊಂದು ತಂದ: ಬೆಳ್ಳಿ ಬಣ್ಣ, ಸಂಭಾವಿತ,
ಬ್ಯಾಂಕ್ ಮ್ಯಾನೇಜರನ ಮುಗುಳ್ನಗೆಯಷ್ಟು ತೆಳು.
ಲೆಕ್ಕ ಬರೆಯುತ್ತೆ, ಪತ್ರ ಬರೆಯುತ್ತೆ, ಬ್ಯಾಟರಿ ಹನ್ನೆರಡು ತಾಸು.
ಗ್ರಾಫಿಕ್ಸ್?
ಗಲ್ಲ ಕೆರೆದುಕೊಂಡ. ಇಸ್ಪೀಟು ಆಡಬಹುದು.

ನನಗೆ ಬೇಕಾದ್ದು ಇಸ್ಪೀಟಲ್ಲ.
ರಾತ್ರಿ ಹತ್ತರ ಮೇಲೆ, ಕಪ್ಪು ಟೈ ಬಾಗಿಲ ಹಿಡಿಗೆ ನೇತುಹಾಕಿ
ನಾನು ಲಾರಿ ಓಡಿಸುತ್ತೇನೆ.
ಪರದೆಯ ಲಾರಿ, ನಲವತ್ತು ಟನ್ನಿನದು,
ಮಂಜು, ಟೋಲ್ ಗೇಟು, ಒದ್ದೆ ಡಾಂಬರಿನ ಮೇಲೆ ದೀಪಗಳ ಉದ್ದುದ್ದ ಗೀರು.
ಹಳೆಯ ಯಂತ್ರದಲ್ಲಿ ಮಳೆ ತುಂಡುತುಂಡಾಗಿ ಬೀಳುತ್ತದೆ,
ತಿರುವು ಕಾಣುವ ಹೊತ್ತಿಗೆ ನಾನಾಗಲೇ ಹಳ್ಳದಲ್ಲಿ.
ಹಗಲೆಲ್ಲ ಜನರನ್ನು ಒಂದೇ ದಿಕ್ಕಿಗೆ ಸಾಗಿಸುವವನಿಗೆ
ತಲುಪಿಸಿ ವಾಪಸು ಬರುವಂಥ ಕೆಲಸ ಒಂದಿರಬೇಕು.

ಎತ್ತು ಏರಿಗೆ, ಕೋಣ ನೀರಿಗೆ.
ಒಳ್ಳೆ ಚಿಪ್ಪಿದ್ದರೆ ಬಿಸಿ, ಬಿಸಿಯಿದ್ದರೆ ಫ್ಯಾನು,
ಫ್ಯಾನಿದ್ದರೆ ಅಳುವವರ ಮುಂದೆ ಹೇರ್ ಡ್ರೈಯರ್ ಹಿಡಿದ ಹಾಗೆ.
ಮೂರು ವಾರ ಅಳೆದೆ, ಸುರಿದೆ.
ಪೆಟ್ಟಿಗೆ ಆರಿಸುವವರೂ ಇಷ್ಟು ಯೋಚಿಸಲ್ಲ, ಅಂದಳು ಪಿರೋಷ್ಕಾ.
ಅವರಿಗೆ ವಾರಂಟಿ ಚಿಂತೆ ಇಲ್ಲವಲ್ಲ ಅಂದೆ.
ಅವತ್ತು ರಾತ್ರಿ ಊಟಕ್ಕೆ ಬ್ರೆಡ್ಡು.

ಕೊನೆಗೆ ಸಿಕ್ಕಿತು.
ಸೇತುವೆಗಳ ನಕ್ಷೆ ಬಿಡಿಸುತ್ತಿದ್ದ ಕಂಪನಿಯೊಂದು ಬಳಸಿ ಬಿಟ್ಟದ್ದು.
ಇಟ್ಟಿಗೆಯ ತೂಕ, ಬೂದಿ ಬಣ್ಣದ ಮುಚ್ಚಳ, ಮೇಲೆ ಒಂದಕ್ಷರವಿಲ್ಲ.
ಹಗಲಿಗೆ ಪಿಸುಮಾತು, ರಾತ್ರಿಗೊಂದು ಗುಂಡಿ ಒತ್ತಿದರೆ
ಬೂದಿ ಮುಚ್ಚಿದ ಕೆಂಡ.
ಮಳೆ ಈಗ ಮಳೆಯ ಹಾಗೇ ಬೀಳುತ್ತದೆ.

ನವೆಂಬರಿನಲ್ಲಿ, ದಿಯೋಶ್‌ಗ್ಯೋರಿನ ಮೂರನೇ ಮಹಡಿ.
ಎತೆಲ್ಕಾ ಪೆಟ್ಟಿಗೆಗಳ ಚಿತ್ರ ನೋಡಲೇ ಇಲ್ಲ.
ಬೆರಳಲ್ಲಿ ಯಂತ್ರದ ಪಕ್ಕೆ ಸವರಿದಳು.
ಇದಕ್ಕೆ ಎರಡೂ ಕಡೆ ಗಾಳಿಕಿಂಡಿ.
ನಮ್ಮವರದಕ್ಕೆ ಒಂದೇ. ಕಾದು ಕಾದು ಆರಿಹೋಗೋದು.
ಏನು ಬೈತಿದ್ದರು!

ಮೂವತ್ತೊಂದು ವರ್ಷ ನಿಜವಾದ ಲಾರಿ.
ಕಣ್ಣು ಮಂಜಾಗಿ ಲೈಸೆನ್ಸು ಹೋದ ಮೇಲೆ, ಪರದೆಯದು.
ಸಕ್ಕರೆ ಡಬ್ಬಿಯಡಿಯಿಂದ ಚೀಟಿ ತಂದಳು:
ಪಾಸ್‌ವರ್ಡು, ಅವಳದೇ ಹೆಸರು, ಹುಟ್ಟಿದ ವರ್ಷ.

ಟೈ ಕಟ್ಟಿಕೊಂಡೇ ತೆರೆದೆ.
ಇಪ್ಪತ್ತೊಂದು ಟನ್ ನೆಲದ ಹೆಂಚು, ಟ್ರಿಯೆಸ್ಟೆಗೆ,
ಉಳಿದದ್ದು ನೂರಾ ನಲವತ್ತು ಕಿಲೋಮೀಟರು.
ದಾರಿಬದಿಯಲ್ಲಿ ನಿಂತ ಲಾರಿ, ದೀಪ ಉರಿಯುತ್ತಲೇ ಇದೆ.

ಫ್ಯಾನು ಎದ್ದಿತು. ನಾಚಿಕೆಯಾಗಿ ಮುಚ್ಚಳಕ್ಕೆ ಕೈ ಹಾಕಿದೆ.
ಇರಲಿ ಅಂದಳು. ಈ ಹೊತ್ತಿಗೆ ಈ ಮನೆಯಲ್ಲಿ ಇದೇ ಸದ್ದು.

ತಲುಪಿಸಲೇ ಅಂತ ಕೇಳಿದೆ.
ತುಂಬ ಹೊತ್ತು ನೋಡಿದಳು.
ಬೇಡ. ದೀಪ ಮಾತ್ರ ಆರಿಸು, ಬ್ಯಾಟರಿ ಇಳಿಯುತ್ತೆ.

ಆರಿಸಿದೆ.
ಪೈನ್ ಎಂದು ಬರೆದುಕೊಂಡೆ, ಸಹಿ ಹಾಕಿದಳು.
ಬಾಗಿಲವರೆಗೆ ಬಂದು ಕೇಳಿದಳು, ಎಷ್ಟು ಕೊಟ್ಟೆ ಇದಕ್ಕೆ?
ಎರಡು ಲಕ್ಷದ ಅರವತ್ತು ಸಾವಿರ ಫೋರಿಂಟು.

ಜಾಸ್ತಿಯಾಯಿತು, ಅಂದಳು.